ಪೇಪರ್ ಗಿರಣಿಯ ಹಿಟ್ಟು

ನಿಮ್ಮೂರಿನ ಹಿಟ್ಟಿನ ಗಿರಣಿಯವನು ಹೀಗೊಂದು ಬೋರ್ಡು ತೂಗುಹಾಕಿದ ಅಂತಿಟ್ಟುಕೊಳ್ಳಿ. ರಾಗಿ ನೀವೇ ತರಬೇಕು. ಕೇರಿ, ಕಲ್ಲು ಆರಿಸಿ, ತೊಳೆದು ಒಣಗಿಸಿರಬೇಕು. ನುಣ್ಣಗಾಯಿತೋ ಇಲ್ಲವೋ ಅಂತ ಪಕ್ಕದ ಮನೆಯವರು ಬಂದು ಪುಕ್ಕಟೆ ಮುಟ್ಟಿನೋಡಿ ಹೇಳಬೇಕು. ಆಮೇಲೆ ಹಿಟ್ಟು ಗಿರಣಿಯದು, ಸಹಿ ಹಾಕಿ ಹೋಗಿ. ರಾತ್ರಿ ಮುದ್ದೆಗೆ ಬೇಕಿದ್ದರೆ ಇದೇ ಕಿಟಕಿಯಲ್ಲಿ ದುಡ್ಡು ಕೊಟ್ಟು ಒಯ್ಯಬಹುದು.

ಊರವರು ಒಂದೇ ದಿನದಲ್ಲಿ ಆ ಗಿರಣಿಯ ಬಾಗಿಲು ಮುಚ್ಚಿಸುತ್ತಿದ್ದರು. ವಿಜ್ಞಾನಿಗಳು, ಪ್ರೊಫೆಸರುಗಳು ಮಾತ್ರ ಇಂಥದೇ ಗಿರಣಿಯ ಮುಂದೆ ಚೀಲ ಹಿಡಿದು ಸಾಲಾಗಿ ನಿಂತಿದ್ದಾರೆ, ಸಾಲು ತಪ್ಪೀತೆಂಬ ಭಯದಲ್ಲಿ. ಆ ಗಿರಣಿಯ ಹೆಸರು ಸಂಶೋಧನಾ ಪತ್ರಿಕೆ. ಪ್ರಬಂಧ ಬರೆಯುವವರು ಇವರು, ಅದನ್ನು ಪುಕ್ಕಟೆ ಪರಿಶೀಲಿಸುವವರು ಇವರಂಥದೇ ತಜ್ಞರು, ಹಕ್ಕು ಮಾತ್ರ ಪ್ರಕಾಶಕರದು.

ಶುರುವಿನಲ್ಲಿ ಇದು ದಂಧೆಯಾಗಿರಲಿಲ್ಲ. 1665ರಲ್ಲಿ ಲಂಡನ್ನಿನ ಹೆನ್ರಿ ಓಲ್ಡನ್‌ಬರ್ಗ್ ವಿಜ್ಞಾನದ ಮೊದಲ ಪತ್ರಿಕೆಗಳಲ್ಲೊಂದನ್ನು ಸ್ವಂತ ಖರ್ಚಿನಲ್ಲಿ ಹೊರತಂದ. ಲಾಭದ ಆಸೆ ಇತ್ತು, ಕೈಗೆ ಹತ್ತಿದ್ದು ಅಷ್ಟಕ್ಕಷ್ಟೆ. ಇದರೊಳಗಿನ ಚಿನ್ನದ ಗಣಿ ಕಂಡದ್ದು ಸುಮಾರು ಮುನ್ನೂರು ವರ್ಷಗಳ ಮೇಲೆ, ರಾಬರ್ಟ್ ಮ್ಯಾಕ್ಸ್‌ವೆಲ್ ಎಂಬ ವ್ಯಾಪಾರಿಗೆ. ಒಂದು ಪತ್ರಿಕೆಯಲ್ಲಿರುವ ಸಂಶೋಧನೆ ಇನ್ನೊಂದರಲ್ಲಿ ಸಿಗುವುದಿಲ್ಲ, ಹಾಗಾಗಿ ಲೈಬ್ರರಿಯವರು ಎರಡನ್ನೂ ಕೊಳ್ಳಲೇಬೇಕು. ಸೋಪು ಮಾರುವವನಿಗೂ ಇಲ್ಲದ ಭಾಗ್ಯ. 1951ರಲ್ಲಿ ಪರ್ಗಮಾನ್ ಪ್ರೆಸ್ ಶುರುಮಾಡಿದ ಆಸಾಮಿ, 1991ರಲ್ಲಿ ಅದನ್ನು ಪ್ರಕಾಶನ ಕಂಪನಿ ಎಲ್ಸೆವಿಯರ್‌ಗೆ 44 ಕೋಟಿ ಪೌಂಡಿಗೆ ಮಾರಿದ.

ನಮ್ಮ ಸರ್ಕಾರವೂ ಹಿಂದೆ ಬಿದ್ದಿಲ್ಲ. 2024ರ ನವೆಂಬರಿನಲ್ಲಿ 'ಒಂದು ದೇಶ ಒಂದು ಚಂದಾ' ಯೋಜನೆಗೆ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ, 30 ಪ್ರಕಾಶಕರು, ಸುಮಾರು 13,000 ಪತ್ರಿಕೆಗಳು. ಓದುವ ಹುಡುಗರಿಗೆ ಅನುಕೂಲವಾಗುವುದು ನಿಜವೇ, ಕೊಂಕು ತೆಗೆಯುವಂತಿಲ್ಲ. ಆದರೆ ಸಂಶೋಧನೆಗೆ ಅನುದಾನ ಕೊಟ್ಟವರು ನಾವು, ಬರೆದವರ ಸಂಬಳ ನಮ್ಮದು, ತಿದ್ದಿದವರ ಸಂಬಳವೂ ನಮ್ಮದೇ, ಈಗ ಓದುವುದಕ್ಕೂ ನಾವೇ ಕಾಸು ಬಿಚ್ಚಬೇಕು. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ ಅಂತ ಹಿರಿಯರು ಹೇಳಿದ್ದು ಚಂದಾ ವಿಚಾರಕ್ಕೇ ಇರಬೇಕು.

ಇದು ದೊಡ್ಡ ಗಿರಣಿಯ ಮಾತಾಯಿತು. ಓದುಗರಿಗೆ ಪುಕ್ಕಟೆ ಸಿಗಲಿ ಅಂದರೆ ಬರೆದವರೇ ದುಡ್ಡು ಕಟ್ಟುವ ಇನ್ನೊಂದು ಕಿಟಕಿಯೂ ಅಲ್ಲಿದೆ. 'ನೇಚರ್' ಪತ್ರಿಕೆ 2020ರಲ್ಲಿ ಒಂದು ಪ್ರಬಂಧಕ್ಕೆ 9,500 ಯೂರೋ ಅಂತ ಸಾರಿತು. ತಾಲ್ಲೂಕು ಕೇಂದ್ರದ ಕಾಲೇಜಿನ ಅಸಿಸ್ಟೆಂಟ್ ಪ್ರೊಫೆಸರ್ ಅಷ್ಟು ಕಟ್ಟಿಯಾರೇ? ಅವರಿಗಾಗಿಯೇ ಊರೂರಿಗೆ ಚಿಲ್ಲರೆ ಗಿರಣಿಗಳು ಹುಟ್ಟಿಕೊಂಡಿವೆ. ರೇಟು ಎರಡು ಸಾವಿರ ರೂಪಾಯಿಯ ಆಸುಪಾಸು, ಗೂಗಲ್ ಪೇ ನಡೆಯುತ್ತದೆ.

ಅವರೇಕೆ ಅಲ್ಲಿಗೆ ಹೋಗುತ್ತಾರೆ ಅಂತ ತಿಳಿಯಲು ವಿಶ್ವವಿದ್ಯಾಲಯ ಅನುದಾನ ಆಯೋಗದ, ಅಂದರೆ ಯುಜಿಸಿಯ 2018ರ ನಿಯಮಾವಳಿಯ ಲೆಕ್ಕ ನೋಡಬೇಕು. ಪ್ರೊಫೆಸರ್ ಹುದ್ದೆಗೆ ನೇರ ನೇಮಕಾತಿ ಬೇಕಿದ್ದರೆ ಕನಿಷ್ಠ 10 ಪ್ರಬಂಧ, 120 ಸಂಶೋಧನಾ ಅಂಕ. ವಿಜ್ಞಾನದ ಒಂದು ಪ್ರಬಂಧಕ್ಕೆ 8 ಅಂಕ. ಪತ್ರಿಕೆಗೆ ಇಂಪ್ಯಾಕ್ಟ್ ಫ್ಯಾಕ್ಟರ್ (ಅದರ ಲೇಖನಗಳನ್ನು ಬೇರೆಯವರು ಎಷ್ಟು ಉಲ್ಲೇಖಿಸುತ್ತಾರೆ ಎಂಬ ಅಂಕಿ) ಇಲ್ಲದಿದ್ದರೆ ಅದರ ಮೇಲೆ ಇನ್ನೂ 5 ಅಂಕ, 10ಕ್ಕಿಂತ ಹೆಚ್ಚಿದ್ದರೆ ಮೇಲೆ 30. ಈ ಇಂಪ್ಯಾಕ್ಟ್ ಫ್ಯಾಕ್ಟರನ್ನು ಥಾಮ್ಸನ್ ರಾಯ್ಟರ್ಸ್ ಪಟ್ಟಿಯಲ್ಲಿ ನೋಡಿಕೊಳ್ಳಿ ಎನ್ನುತ್ತದೆ ನಿಯಮ. ಆ ಕಂಪನಿ ಆ ವ್ಯವಹಾರವನ್ನು 2016ರಲ್ಲೇ ಮಾರಿ ಕೈತೊಳೆದುಕೊಂಡಿತ್ತು, ಇರಲಿ.

ಸೊಗಸು ಇರುವುದು ಹಂಚಿಕೆಯಲ್ಲಿ. ಒಬ್ಬರೇ ಬರೆದರೆ ಪೂರ್ತಿ ಅಂಕ. ಇಬ್ಬರಾದರೆ ತಲಾ ಶೇ. 70. ಇಬ್ಬರಿಗಿಂತ ಹೆಚ್ಚಾದರೆ ಮುಖ್ಯ ಲೇಖಕರಿಗೆ ಶೇ. 70, ಉಳಿದ ಪ್ರತಿಯೊಬ್ಬರಿಗೂ ಶೇ. 30. ಈಗ ಸ್ಲೇಟು ಹಿಡಿಯಿರಿ. ಇಂಪ್ಯಾಕ್ಟ್ ಫ್ಯಾಕ್ಟರ್ ಇಲ್ಲದ ಪತ್ರಿಕೆಯಲ್ಲಿ ಒಂದು ಪ್ರಬಂಧದ ಬೆಲೆ 13 ಅಂಕ. ಇಬ್ಬರು ಹಂಚಿಕೊಂಡರೆ ಅದು 18.2 ಆಗುತ್ತದೆ. ಐವರು ಕೂಡಿದರೆ 24.7. ಹತ್ತು ಹೆಸರು ಸೇರಿಸಿದರೆ 44.2. ಹಂಚಿದಷ್ಟೂ ಹೆಚ್ಚುವುದು ವಿದ್ಯೆ ಅಂತ ಮೇಷ್ಟ್ರು ಹೇಳುತ್ತಿದ್ದರಲ್ಲ, ಯುಜಿಸಿ ಅದನ್ನು ಗಣಿತದಲ್ಲಿ ಸಾಧಿಸಿ ತೋರಿಸಿದೆ. ವಿಭಾಗದ ಮುಖ್ಯಸ್ಥರು, ಅವರ ಭಾವಮೈದ, ಲ್ಯಾಬಿನ ಕೀಲಿ ಇಟ್ಟುಕೊಂಡವರು ಎಲ್ಲರೂ ಸಹಲೇಖಕರಾಗುವುದು ಅಕ್ಕರೆಯಿಂದಲ್ಲ.

ಇದೇ ತಕ್ಕಡಿಯಲ್ಲಿ ಸರ್ ಸಿ. ವಿ. ರಾಮನ್ ಅವರನ್ನು ಒಮ್ಮೆ ಕೂರಿಸೋಣ. 1928ರ ಫೆಬ್ರವರಿ 28ರಂದು ಕಂಡ ಬೆಳಕಿನ ಬಗ್ಗೆ ಅವರು ಮಾರ್ಚ್ 16ರಂದು ನಮ್ಮ ಬೆಂಗಳೂರಿನಲ್ಲೇ ಭಾಷಣ ಮಾಡಿದರು. ಅದು ಅಚ್ಚಾದದ್ದು 'ಇಂಡಿಯನ್ ಜರ್ನಲ್ ಆಫ್ ಫಿಸಿಕ್ಸ್'ನಲ್ಲಿ, 1926ರಲ್ಲಿ ಅವರೇ ಶುರುಮಾಡಿದ್ದ ಪತ್ರಿಕೆಯಲ್ಲಿ. ಇಂಪ್ಯಾಕ್ಟ್ ಫ್ಯಾಕ್ಟರ್ ಅಂದರೆ ಹಿಂದಿನ ಎರಡು ವರ್ಷ ಪ್ರಕಟವಾದ ಲೇಖನಗಳನ್ನು ಈ ವರ್ಷ ಎಷ್ಟು ಸಲ ಉಲ್ಲೇಖಿಸಿದರು ಎಂಬುದನ್ನು ಆ ಲೇಖನಗಳ ಸಂಖ್ಯೆಯಿಂದ ಭಾಗಿಸಿದ್ದು. 100 ಲೇಖನಕ್ಕೆ 250 ಉಲ್ಲೇಖ ಬಂದಿದ್ದರೆ 2.5. ಇದನ್ನು ರೂಪಿಸಿದ ಯೂಜೀನ್ ಗಾರ್ಫೀಲ್ಡ್ ಆಗಿನ್ನೂ ಎರಡೂವರೆ ವರ್ಷದ ಮಗು. ಆತ ಆಗಲೇ ಅದನ್ನು ಕಂಡುಹಿಡಿದಿದ್ದರೂ, ಎರಡೇ ವರ್ಷದ ಪತ್ರಿಕೆಗೆ ಗುಣಿಸಿ ಭಾಗಿಸಲು ಸಾಕಷ್ಟು ಸಂಚಿಕೆಗಳೇ ಇರುತ್ತಿರಲಿಲ್ಲ. ಹಾಗಾಗಿ ಸ್ಕ್ರೂಟಿನಿ ಸಮಿತಿ ರಾಮನ್‌ಗೆ 13 ಅಂಕ ಬರೆಯುತ್ತದೆ. ಮಾರ್ಚ್ 31ರ 'ನೇಚರ್'ನಲ್ಲಿ ಕೆ. ಎಸ್. ಕೃಷ್ಣನ್ ಜೊತೆ ಬಂದ ಟಿಪ್ಪಣಿಗೆ ಅದೇ ಲೆಕ್ಕದಲ್ಲಿ 9.1. ನೊಬೆಲ್ ತಂದ ಕೆಲಸಕ್ಕೆ ಒಟ್ಟು 22.1. "ಇನ್ನೂ 97.9 ಅಂಕ ಕಮ್ಮಿ ಬೀಳ್ತದೆ ಸಾರ್. ಎರಡು ವರ್ಕ್‌ಶಾಪ್ ಅಟೆಂಡ್ ಮಾಡ್ಕೊಂಡು ಬನ್ನಿ." ಸ್ವಂತ ಪತ್ರಿಕೆಯಲ್ಲಿ ತಾವೇ ಬರೆದುಕೊಂಡದ್ದಕ್ಕೆ ಶೋಕಾಸ್ ನೋಟಿಸು ಬೇರೆ.

ಚಿಲ್ಲರೆ ಗಿರಣಿಯ ಕೆಲಸ ಹೀಗೆ ನಡೆಯುತ್ತದೆ. ಹೆಸರಿನ ಮೊದಲಿಗೆ 'ಇಂಟರ್‌ನ್ಯಾಷನಲ್ ಜರ್ನಲ್' ಇರಲೇಬೇಕು, ಕಚೇರಿ ಮೊಬೈಲ್ ಅಂಗಡಿಯ ಮೇಲಿನ ಕೋಣೆಯಾದರೂ ಸೈ. ವಿಷಯ ಬಹುಶಾಸ್ತ್ರೀಯ, ಅಂದರೆ ಜೇನು ಸಾಕಣೆ, ಜಿಎಸ್‌ಟಿ, ವಚನ ಸಾಹಿತ್ಯ ಮೂರೂ ಒಂದೇ ಸಂಚಿಕೆಯಲ್ಲಿ. ಐಎಸ್‌ಎಸ್‌ಎನ್ ಎಂಬುದು ಬರೀ ಗುರುತಿನ ಸಂಖ್ಯೆ, ಗುಣಮಟ್ಟಕ್ಕೂ ಅದಕ್ಕೂ ಸಂಬಂಧವಿಲ್ಲ. ಆದರೂ ಅದನ್ನು ಐಎಸ್‌ಐ ಮಾರ್ಕಿನ ಹಾಗೆ ಮುಖಪುಟದಲ್ಲಿ ಹೊಳೆಯಿಸುತ್ತಾರೆ. ಸೋಮವಾರ ಕಳಿಸಿದರೆ ಬುಧವಾರ 'ತಜ್ಞರ ಪರಿಶೀಲನೆ' ಮುಗಿದಿರುತ್ತದೆ. ಆ ತಜ್ಞರು ನೋಡುವುದು ಒಂದನ್ನೇ, ದುಡ್ಡು ಕಟ್ಟಿದ ಸ್ಕ್ರೀನ್‌ಶಾಟ್. ಪ್ರತಿ ಲೇಖಕರಿಗೂ ಬಣ್ಣದ ಸರ್ಟಿಫಿಕೇಟು ಬೇರೆ ಬೇರೆ, ಅಂಚಿಗೆ ಬಳ್ಳಿ ಚಿತ್ತಾರ.

ಯುಜಿಸಿ ಕಣ್ಣುಮುಚ್ಚಿ ಕೂತಿತ್ತು ಅನ್ನುವಂತಿಲ್ಲ, ತಾನು ಒಪ್ಪುವ ಪತ್ರಿಕೆಗಳದೊಂದು ಪಟ್ಟಿ ಮಾಡಿತ್ತು. ಆ ಪಟ್ಟಿಯ ಒಂದು ಭಾಗವನ್ನು ಕೆದಕಿ ನೋಡಿದವರು ಶೇ. 88ರಷ್ಟು ಪತ್ರಿಕೆಗಳು ಕಳಪೆ ಅಂತ 2018ರಲ್ಲಿ ಬೆಂಗಳೂರಿನ 'ಕರೆಂಟ್ ಸೈನ್ಸ್'ನಲ್ಲಿ ಬರೆದರು. ಅದೇ ವರ್ಷ 4,305 ಪತ್ರಿಕೆಗಳು ಪಟ್ಟಿಯಿಂದ ಹೊರಬಿದ್ದವು. ಆಮೇಲೆ ಬಂತು 'ಕೇರ್' ಎಂಬ ಹೊಸ ಪಟ್ಟಿ. ಅದರಲ್ಲಿದ್ದ ಒಳ್ಳೆಯ ಪತ್ರಿಕೆಗಳದೇ ಹೆಸರು, ಅದೇ ಐಎಸ್‌ಎಸ್‌ಎನ್ ಇಟ್ಟುಕೊಂಡು ನಕಲಿ ವೆಬ್‌ಸೈಟುಗಳು ಎದ್ದವು. ಅಸಲಿ ಪತ್ರಿಕೆ ವರ್ಷಕ್ಕೆ ನಾಲ್ಕು ಸಂಚಿಕೆ ತಂದರೆ ನಕಲಿಯದು ವಾರಕ್ಕೊಂದು 'ವಿಶೇಷಾಂಕ'. 2025ರ ಫೆಬ್ರವರಿಯಲ್ಲಿ ಕೇರ್ ಪಟ್ಟಿಯನ್ನೂ ಕೈಬಿಟ್ಟು, ಯಾವುದು ಒಳ್ಳೆಯದೆಂದು ನಿಮ್ಮ ನಿಮ್ಮ ಸಂಸ್ಥೆಯಲ್ಲೇ ನೋಡಿಕೊಳ್ಳಿ ಎಂದರು. ಪ್ರಮೋಷನ್ನಿಗೆ ಕಾದು ಕೂತವರ ಕೈಗೇ ಜರಡಿ ಬಂತು.

ಇನ್ನು ಕೃತಿಚೌರ್ಯದ ಕಾನೂನು. ಶೇ. 10ರವರೆಗೆ ಹೋಲಿಕೆ ಇದ್ದರೆ ದಂಡವಿಲ್ಲ, 60 ದಾಟಿದರೆ ಪಿಎಚ್‌ಡಿ ನೋಂದಣಿಯೇ ರದ್ದು. ಸಾಫ್ಟ್‌ವೇರ್ ನೋಡುವುದು ಪದಗಳನ್ನಷ್ಟೇ, ಅರ್ಥವನ್ನಲ್ಲ. ಹಾಗಾಗಿ ಕದ್ದ ವಾಕ್ಯದ ಪ್ರತಿ ಪದಕ್ಕೂ ಪರ್ಯಾಯ ಪದ ತುರುಕುವ ಇನ್ನೊಂದು ಸಾಫ್ಟ್‌ವೇರ್ ಬಂತು. ಇದರ ಫಲವನ್ನು 2021ರಲ್ಲಿ ಫ್ರಾನ್ಸಿನ ಗಣಕವಿಜ್ಞಾನಿ ಗಿಯೋಮ್ ಕಬನಾಕ್ ಮತ್ತು ಸಂಗಡಿಗರು ಇಂಗ್ಲಿಷ್ ಪ್ರಬಂಧಗಳಿಂದ ಹೆಕ್ಕಿ ತೋರಿಸಿದರು. ಕೃತಕ ಬುದ್ಧಿಮತ್ತೆ 'ಖೋಟಾ ಪ್ರಜ್ಞೆ' ಆಗಿತ್ತು. ಸ್ತನ ಕ್ಯಾನ್ಸರ್ 'ಎದೆಯ ಗಂಡಾಂತರ'. ಮೂತ್ರಪಿಂಡದ ವೈಫಲ್ಯ 'ಮೂತ್ರಪಿಂಡದ ನಿರಾಸೆ' ಅಂತಲೂ ಎಲ್ಲೋ ಅಚ್ಚಾಗಿದೆಯಂತೆ. ಡಯಾಲಿಸಿಸ್ ಬೇಡ, ಅದಕ್ಕೆ ನಾಲ್ಕು ಸಮಾಧಾನದ ಮಾತು ಸಾಕು.

ಇದೆಲ್ಲ ಚಿಲ್ಲರೆಯವರ ಕಸುಬು, ದೊಡ್ಡವರು ಸಾಚಾ ಅಂದುಕೊಳ್ಳಬೇಡಿ. ವೈಲಿ ಕಂಪನಿ 2021ರಲ್ಲಿ ಹಿಂದಾವಿ ಎಂಬ ಪ್ರಕಾಶನವನ್ನು 29.8 ಕೋಟಿ ಡಾಲರಿಗೆ ಕೊಂಡಿತು. ಅತಿಥಿ ಸಂಪಾದಕರ ವಿಶೇಷಾಂಕಗಳೇ ಅದರ ಆದಾಯದ ಹೊಳೆ, ಆ ಹೊಳೆಯಲ್ಲೇ ದುಡ್ಡಿಗೆ ನಕಲಿ ಪ್ರಬಂಧ ಹೊಸೆದು ಮಾರುವ 'ಪೇಪರ್ ಗಿರಣಿ'ಗಳ ಸರಕೂ ತೇಲಿಬಂತು. 2023 ಒಂದೇ ವರ್ಷದಲ್ಲಿ 8,000ಕ್ಕೂ ಹೆಚ್ಚು ಪ್ರಬಂಧ ವಾಪಸ್ ಪಡೆದು, ಕೊನೆಗೆ ಹೆಸರನ್ನೇ ಅಳಿಸಲು ಹೊರಟರು. ವಾಪಸ್ ಪಡೆದ ಪ್ರಬಂಧಗಳ ಮೇಲೆ ಪಡೆದ ಬಡ್ತಿಗಳನ್ನು ವಾಪಸ್ ಪಡೆಯುವ ಫಾರಂ ಮಾತ್ರ ಯಾವ ಕಚೇರಿಯಲ್ಲೂ ಕಾಣದು.

ಅಂಕವೇ ಮುಖ್ಯವಾದರೆ ಅರ್ಹರಿಗೇನೂ ಬರವಿಲ್ಲ. 1975ರಲ್ಲಿ ಅಮೆರಿಕದ ಭೌತವಿಜ್ಞಾನಿ ಜ್ಯಾಕ್ ಹೆದರಿಂಗ್ಟನ್ ಒಬ್ಬರೇ ಬರೆದ ಪ್ರಬಂಧದ ತುಂಬ 'ನಾವು' ಅಂತ ಟೈಪ್ ಮಾಡಿಬಿಟ್ಟಿದ್ದರು. ಮತ್ತೆ ಟೈಪ್ ಮಾಡಲು ಬೇಸರವಾಗಿ ತಮ್ಮ ಬೆಕ್ಕನ್ನು ಎಫ್. ಡಿ. ಸಿ. ವಿಲ್ಲರ್ಡ್ ಎಂಬ ಹೆಸರಲ್ಲಿ ಸಹಲೇಖಕನಾಗಿಸಿದರು. ಆ ಪ್ರಬಂಧದಲ್ಲಿ ಸತ್ತ್ವವಿತ್ತು, ಅದು ಹಳೆಯ ಕಾಲ. 2024ರಲ್ಲಿ ನಕಲಿ ಉಲ್ಲೇಖಗಳ ಮಾರುಕಟ್ಟೆ ಎಷ್ಟು ಸಲೀಸು ಅಂತ ತೋರಿಸಲು ಇಬ್ಬರು ಸಂಶೋಧಕರು ಲ್ಯಾರಿ ಎಂಬ ಬೆಕ್ಕಿನ ಹೆಸರಲ್ಲಿ 12 ಅರ್ಥಹೀನ ಪ್ರಬಂಧ ಹೊಸೆದರು. ಅವನ್ನು ಉಲ್ಲೇಖಿಸಲೆಂದೇ ಇನ್ನಷ್ಟು ಹೊಸೆದು ಅಂತರ್ಜಾಲಕ್ಕೆ ಬಿಟ್ಟರು. ಗೂಗಲ್ ಸ್ಕಾಲರ್ ನಂಬಿ ಎಣಿಸಿತು, 132 ಉಲ್ಲೇಖ.

ಲ್ಯಾರಿಯ ಫೈಲು ಈಗ ಸಮಿತಿಯ ಮುಂದಿದೆ ಅಂದುಕೊಳ್ಳಿ. ಪ್ರಬಂಧ 12, ಬೇಕಿದ್ದದ್ದು 10. ಸಹಲೇಖಕರಿಲ್ಲ. ತಲಾ 13ರಂತೆ ಒಟ್ಟು 156 ಅಂಕ, ಬೇಕಿದ್ದದ್ದು 120. ತಜ್ಞರ ಪರಿಶೀಲನೆ ಆಗಿಲ್ಲ ಎಂಬ ಸಣ್ಣ ತಕರಾರಿದೆ, ಅದು ಮೇಲೆ ಹೇಳಿದ ರೇಟಿನಲ್ಲಿ 24,000 ರೂಪಾಯಿಗೆ ಬುಧವಾರದೊಳಗೆ ಬಗೆಹರಿಯುತ್ತದೆ. ಪಿಎಚ್‌ಡಿಯೊಂದು ಇಲ್ಲ. ಗೈಡ್ ಆಗಲು ಯಾರಾದರೂ ಒಪ್ಪಿದರೆ ಸೀಟು ಖಾಲಿ ಇದೆಯಂತೆ.