ಪ್ರಳಯ, ಒಂದು ಸಣ್ಣ ಬ್ರೇಕ್ ನಂತರ

ನಮ್ಮ ನ್ಯೂಸ್ ಚಾನೆಲ್‌ಗಳಿಗೆ ಪ್ರಳಯ ಅಂದರೆ ಪಂಚಪ್ರಾಣ. 2012ರ ಡಿಸೆಂಬರ್ 21ಕ್ಕೆ ಭೂಮಿ ಮುಗಿದೇ ಹೋಯಿತು ಎಂದು ಮಾಯನ್ ಕ್ಯಾಲೆಂಡರ್ ಹಿಡಿದು ಬೊಬ್ಬೆ ಹೊಡೆದವರು ಇವರು. 22ರ ಬೆಳಿಗ್ಗೆ ಹಾಲು ಬಂತು, ಪೇಪರ್ ಬಂತು, ಅದೇ ಚಾನೆಲ್‌ಗಳಲ್ಲಿ ದಿನಭವಿಷ್ಯವೂ ಬಂತು.

ಈಗ ಇನ್ನೂ ಒಳ್ಳೆಯ ಸರಕಿದೆ. 2023ರಲ್ಲಿ ಬ್ರಿಸ್ಟಲ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಕಂಪ್ಯೂಟರ್‌ನಲ್ಲಿ ಲೆಕ್ಕ ಹಾಕಿದರು. ಇನ್ನು 25 ಕೋಟಿ ವರ್ಷಕ್ಕೆ ಖಂಡಗಳೆಲ್ಲ ಕೂಡಿ ಒಂದೇ ಆಗಬಹುದು. ಸೂರ್ಯ ಈಗಿನದಕ್ಕಿಂತ ಸುಮಾರು 2.5% ಜಾಸ್ತಿ ಉರಿಯುತ್ತಾನೆ. ಜ್ವಾಲಾಮುಖಿಗಳು ಇಂಗಾಲದ ಡೈಆಕ್ಸೈಡ್ ಕಕ್ಕುತ್ತವೆ. ಸಮುದ್ರದ ತಂಪು ಒಳನಾಡಿಗೆ ತಲುಪುವುದಿಲ್ಲ. 40-50 ಡಿಗ್ರಿ ಸೆಕೆ ಮಾಮೂಲಾಗಿ, ನಮ್ಮಂಥ ಸಸ್ತನಿಗಳ ಕಥೆ ಬಹುತೇಕ ಮುಗಿಯುತ್ತದೆ. ಇದನ್ನು ಓದಿ ಈಗಿನ ಹವಾಮಾನ ಬಿಕ್ಕಟ್ಟು ಮರೆಯಬೇಡಿ ಎಂದೂ ಅವರು ಹೇಳಿದ್ದರು. ಆದರೆ ಆ ಸಾಲಿಗೆ ಬೆಂಕಿಯ ಗ್ರಾಫಿಕ್ಸ್ ಹಾಕೋಕೆ ಆಗಲ್ವಲ್ಲ!

ಇಂಥದ್ದಕ್ಕೊಂದು ವಿಶೇಷ ಚರ್ಚೆ ನಡೆದರೆ ಹೇಗಿರುತ್ತದೆ? ನಡುವೆ ರುದ್ರಾಕ್ಷಿ ತೊಟ್ಟ ಗುರೂಜಿ. ಪಕ್ಕದಲ್ಲಿ ಸಂಖ್ಯಾಶಾಸ್ತ್ರದವರು. ಮೂಲೆಯ ಪುಟ್ಟ ಚೌಕದಲ್ಲಿ ಒಬ್ಬ ಹವಾಮಾನ ವಿಜ್ಞಾನಿ, ಮ್ಯೂಟ್ ಆಗಿ. ಪ್ರಾಯೋಜಕರು ಏಸಿ ಕಂಪನಿಯವರು.

"ಗುರೂಜಿ, ಕುಂಭ ರಾಶಿಯವರಿಗೆ 25 ಕೋಟಿ ವರ್ಷದ ಫಲ ಹೇಗಿದೆ?"

"ನೋಡಮ್ಮಾ, ಶನಿ ಒಂದು ಸುತ್ತು ಹಾಕೋಕೆ 30 ವರ್ಷ. ಅಷ್ಟರೊಳಗೆ 83 ಲಕ್ಷ ಸಲ ಸಾಡೇಸಾತಿ ಬಂದು ಹೋಗಿರುತ್ತೆ. ಅಭ್ಯಾಸ ಆಗಿರುತ್ತೆ. ಎಳ್ಳೆಣ್ಣೆ ದೀಪ ಹಚ್ಚಿದರೆ ಸಾಕು."

ವಿಜ್ಞಾನಿ ಕೈ ಎತ್ತುತ್ತಾರೆ. ಮುಕ್ಕಾಲು ಗಂಟೆಯ ಮೇಲೆ ಮೈಕ್ ಸಿಗುತ್ತದೆ, ಒಂದೇ ನಿಮಿಷಕ್ಕೆ. ಪಾಪ, ಉಸಿರು ಬಿಡದೆ ಹೇಳುತ್ತಾರೆ: 25 ಕೋಟಿ ವರ್ಷ ಬಿಡಿ, 2024ರಲ್ಲೇ ಭೂಮಿಯ ಸರಾಸರಿ ಬಿಸಿ ಕೈಗಾರಿಕೆಗಳು ಬರುವ ಮುಂಚಿನದಕ್ಕಿಂತ ಒಂದೂವರೆ ಡಿಗ್ರಿ ದಾಟಿದೆ. ಆ ಏಪ್ರಿಲ್ 28ಕ್ಕೆ ಬೆಂಗಳೂರಿನಲ್ಲಿ 38.5 ಡಿಗ್ರಿ. ಅದಕ್ಕೆ ಮುಂಚೆ ಮಾರ್ಚ್‌ನಲ್ಲೇ ನಗರದ ಸುಮಾರು 14,000 ಸರ್ಕಾರಿ ಬೋರ್‌ವೆಲ್‌ಗಳಲ್ಲಿ ಅರ್ಧದಷ್ಟು ಬತ್ತಿದ್ದವು. ಕುಡಿಯುವ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂತ...

"ಸರ್, ಸರ್, ಅದು ಲೋಕಲ್ ನ್ಯೂಸ್. ನಾವು ಇಲ್ಲಿ ಭೂಮಿಯ ಬಗ್ಗೆ ಮಾತಾಡ್ತಿದ್ದೀವಿ."

ಬೆಂಗಳೂರು ಭೂಮಿಯ ಮೇಲಿಲ್ಲ ಎನ್ನುವುದು ಟ್ಯಾಂಕರ್ ರೇಟು ಕೇಳಿದವರಿಗೆ ಮೊದಲೇ ಅನುಮಾನವಿತ್ತು ಬಿಡಿ.

ವಿಜ್ಞಾನಿ ಕೊನೆಯ ಪ್ರಯತ್ನ ಮಾಡುತ್ತಾರೆ. ಹೊನ್ನಾವರದ ಕಾಸರಕೋಡಿನಲ್ಲಿ ಆಲಿವ್ ರಿಡ್ಲೆ ಕಡಲಾಮೆಗಳು ದಂಡೆಗೆ ಬಂದು, ಮರಳು ತೋಡಿ ಮೊಟ್ಟೆ ಇಡುತ್ತವೆ. ಮರಿ ಗಂಡೋ ಹೆಣ್ಣೋ ಎಂಬುದನ್ನು ತೀರ್ಮಾನಿಸುವುದು ಆ ಮರಳಿನ ಬಿಸಿ. ಸುಮಾರು 30 ಡಿಗ್ರಿ ದಾಟಿತೋ, ಹೆಣ್ಣುಮರಿಗಳೇ ಜಾಸ್ತಿ. ಮರಳು ಹೀಗೇ ಕಾಯುತ್ತಾ ಹೋದರೆ ಮುಂದೊಂದು ದಿನ ಗಂಡಾಮೆಗಳೇ ಸಿಗದೆ ಸಂತತಿ ನಿಲ್ಲಬಹುದು.

ಗುರೂಜಿ ಅಷ್ಟು ಹೊತ್ತಿಗೆ ಮೊದಲ ಸಲ ಆ ಪುಟ್ಟ ಚೌಕದ ಕಡೆ ತಿರುಗುತ್ತಾರೆ. "ಗಂಡೋ ಹೆಣ್ಣೋ ಅಂತ ಮೊದಲೇ ಗೊತ್ತಾಗುತ್ತಾ? ಆ ಥರ್ಮಾಮೀಟರ್ ಎಲ್ಲಿ ಸಿಗುತ್ತೆ ಸ್ವಾಮಿ?"