ಒದ್ದೆ ಹುಲ್ಲಿನ ರೋಮಾಂಚನ

ಅಮೆರಿಕದ ಅಲಾಸ್ಕ ರಾಜ್ಯದಲ್ಲಿ ದನ, ತೋಟ, ಬೇಟೆ ನಂಬಿ ಬದುಕುವ ಒಂದು ಮನೆತನವನ್ನು ತೋರಿಸುವ ಡಿಸ್ಕವರಿ ವಾಹಿನಿಯ ‘ಅಲಾಸ್ಕ: ದಿ ಲಾಸ್ಟ್ ಫ್ರಾಂಟಿಯರ್’ ಕಾರ್ಯಕ್ರಮ ನೋಡುವಾಗ ನಿರೂಪಕನನ್ನು ಪೂರ್ತಿ ನಂಬಬಾರದು. ಜಾಹೀರಾತಿಗೆ ಅರೆಕ್ಷಣ ಮುಂಚೆ ಅವನ ದನಿ ತಗ್ಗುತ್ತದೆ, ಸಂಗೀತ ಗುಡುಗುತ್ತದೆ, ಪೊದೆ ಅಲುಗುತ್ತದೆ. ಸಾಬೂನು, ಸಿಮೆಂಟುಗಳೆಲ್ಲ ಬಂದುಹೋದ ಮೇಲೆ ನೋಡಿದರೆ ಎಷ್ಟೋ ಸಲ ಪೊದೆಯಲ್ಲಿ ಏನೂ ಇರುವುದಿಲ್ಲ. ಕರಡಿ ನಿಜವಾಗಿ ಬಂದರೂ ನನಗೇನೂ ಆಗುವುದಿಲ್ಲ. ಎದುರಿಗೆ ಕ್ಯಾಮೆರಾ ಹಿಡಿದು ಒಬ್ಬ ನಿಂತಿದ್ದಾನಲ್ಲ, ಅವನ ಕೈಯೇ ನಡುಗುತ್ತಿಲ್ಲ!

ನನ್ನ ಎದೆ ಹೊಡೆದುಕೊಳ್ಳುವುದು ಆ ಮನೆಯವರು ಹುಲ್ಲು ಕೊಯ್ದು ಒಣಹಾಕಿದಾಗ.

ಹೋಮರ್ ಎಂಬ ಊರಿನ ಹೊರಗೆ, ಕ್ಯಾಚೆಮ್ಯಾಕ್ ಕೊಲ್ಲಿಯ ದಂಡೆಯ ಮೇಲೆ ಕಿಲ್ಚರ್ ಮನೆತನದ ಜಮೀನಿದೆ. ಮೂಲಪುರುಷ ಯೂಲ್ ಕಿಲ್ಚರ್ ಎರಡನೇ ಮಹಾಯುದ್ಧದ ಕಾಲದಲ್ಲಿ ಸ್ವಿಟ್ಜರ್ಲೆಂಡ್ ಬಿಟ್ಟು ಬಂದವರು. ಉತ್ತು ನೆಲೆಸುವವರಿಗೆ 160 ಎಕರೆ ಕೊಡುವ ಅಮೆರಿಕದ 1862ರ ಕಾಯಿದೆ ಅಲಾಸ್ಕದಲ್ಲಿ 1986ರವರೆಗೂ ಉಸಿರಾಡುತ್ತಿತ್ತು. ಯೂಲ್ ಬರೀ ಕಾಡು ಕಡಿದು ಕೂತವರಲ್ಲ. ಅಲಾಸ್ಕದ ಸಂವಿಧಾನ ಬರೆದ 1955–56ರ ಸಭೆಯಲ್ಲಿ ಪ್ರತಿನಿಧಿಯಾಗಿದ್ದರು, ಎಂಟು ಮಕ್ಕಳ ತಂದೆಯೂ ಹೌದು. ಟಿ.ವಿ.ಯಲ್ಲಿ ಕಾಣುವವರು ಆ ಮಕ್ಕಳಲ್ಲಿ ಇಬ್ಬರು ಮತ್ತು ಅವರ ಸಂಸಾರ.

ಮಗ ಆಟೊನ ಪಾಲಿಗೆ ದನಗಳು. ಬೇಸಿಗೆಯಲ್ಲಿ ಅವನ್ನು ಸಮುದ್ರ ಇಳಿದಿರುವ ಹೊತ್ತು ನೋಡಿ, ದಂಡೆಯ ಮೇಲೆಯೇ ಹೊಡೆದುಕೊಂಡು ಕೊಲ್ಲಿಯ ತುದಿಯ ಹುಲ್ಲುಗಾವಲಿಗೆ ಬಿಟ್ಟುಬರುತ್ತಾರೆ. ಹಿಮ ಬೀಳುವ ಮುನ್ನ ಮತ್ತೆ ಮನೆಗೆ. ಆಮೇಲೆ ತಿಂಗಳುಗಟ್ಟಲೆ ಅವು ತಿನ್ನಬೇಕಾದದ್ದು ಬೇಸಿಗೆಯಲ್ಲಿ ಒಣಗಿಸಿಟ್ಟ ಹುಲ್ಲನ್ನೇ. ಆ ಬೇಸಿಗೆಯೋ ಗಿಡ್ಡ, ಕಡಲತೀರದ ಮೋಡವೋ ಯಾರ ಮಾತನ್ನೂ ಕೇಳುವುದಿಲ್ಲ.

ಇಂಗ್ಲಿಷ್ ಬಾರದ ನನ್ನ ಅಮ್ಮ ಕರಡಿಯ ಭಾಗ ಬಂದರೆ ಹೂ ಕಟ್ಟುತ್ತಾ ಕೂರುತ್ತಾಳೆ. ಹುಲ್ಲು ಕಂಡರೆ ಮಾತ್ರ ತಲೆ ಎತ್ತುತ್ತಾಳೆ. ‘ಅದು ಇನ್ನೂ ಹಸಿ ಇದೆ ಕಣೋ, ಈಗಲೇ ಕಟ್ಟಿಟ್ಟರೆ ಬೂಸಲು ಹಿಡಿಯುತ್ತದೆ’ ಎನ್ನುತ್ತಾಳೆ. ಪರದೆಯ ಮೇಲೆ ನಾಲ್ಕು ಹನಿ ಬಿದ್ದರೆ ಸಾಕು, ‘ಅಯ್ಯೋ, ಕೆಟ್ಟರಲ್ಲಪ್ಪ!’ ಮಲೆನಾಡಿನಲ್ಲಿ ಕಣದ ಮೇಲೆ ಭತ್ತ ಇರುವಾಗ ಅಕಾಲದ ಮಳೆ ಕಂಡವಳಿಗೆ ಅನುವಾದಕರು ಬೇಕಿಲ್ಲ. ಕಾರ್ಯಕ್ರಮ ಮಾಡುವವರು ಅವಳನ್ನು ಒಂದು ಮಾತು ಕೇಳಿದ್ದರೆ ಕರಡಿಗೆ ಖರ್ಚು ಮಾಡಿದ ಸಂಗೀತವನ್ನು ಮೋಡಕ್ಕೆ ಹಾಕಬಹುದಿತ್ತು.

ಯಾರ ಹಂಗೂ ಇಲ್ಲದೆ ಬದುಕುವ ಜನ ಎಂದು ನಿರೂಪಕ ಹೊಗಳುತ್ತಾನೆ. ನನಗೆ ಕಾಣುವುದು ತದ್ವಿರುದ್ಧ. ಟ್ರ್ಯಾಕ್ಟರು ಕೆಸರಿನಲ್ಲಿ ಹೂತರೆ ಅಣ್ಣ ಬರಬೇಕು, ತೊಲೆ ಎತ್ತಲು ಮಗ, ದನ ಅಟ್ಟಲು ಸೊಸೆಯಂದಿರೂ ಸೇರಿ ಇಡೀ ಬಳಗ. ಆಟೊನ ಅಂಗಳದ ಗುಜರಿ ರಾಶಿಯಂತೂ ಸಾರ್ವಜನಿಕ ಆಸ್ತಿ: ಯಾವುದೋ ಕಾಲದ ಯಂತ್ರದ ಹಲ್ಲುಚಕ್ರ ಇನ್ನಾವುದಕ್ಕೋ ಕೂಡಿಕೊಂಡು ಮತ್ತೆ ಗುರುಗುಟ್ಟುತ್ತದೆ. ಬೇಟೆಯ ದೃಶ್ಯಕ್ಕೆ ಎದ್ದು ಹೋಗುವ ನಾನು ಈ ರಿಪೇರಿಗೆ ರೆಪ್ಪೆ ಮಿಟುಕಿಸದೆ ಕೂರುತ್ತೇನೆ. ಡೀಸೆಲ್ ಮಾತ್ರ ಯಾವ ಹೊಲದಲ್ಲೂ ಬೆಳೆಯುವುದಿಲ್ಲ, ಅದಕ್ಕೆ ದುಡ್ಡು ಬೇಕು. ಇಷ್ಟು ವರ್ಷ ಕ್ಯಾಮೆರಾ ಬಂದ ಮೇಲೆ ಟಿ.ವಿ.ಯೂ ಆ ಜಮೀನಿನ ಒಂದು ಫಸಲೇ ಆಗಿರಬೇಕು. ಇರಲಿ, ಬೆಳೆ ಎಂದ ಮೇಲೆ ಎಲ್ಲವೂ ಬೆಳೆಯೇ.

ಆಟೊನ ಸೊಸೆ ಈವ್ ತೋಟದ ತರಕಾರಿಯನ್ನು ಚಳಿಗಾಲಕ್ಕೆಂದು ಶೀಶೆಗಳಿಗೆ ತುಂಬುವ ಕಂತು ಅಮ್ಮನಿಗೆ ಬಹಳ ಹಿಡಿಸಿತು. ಸಾಲು ಸಾಲು ಶೀಶೆಗಳನ್ನು ಕಣ್ತುಂಬ ನೋಡಿ, ‘ಎಲ್ಲ ಸರಿ, ಆ ಬೇಯಿಸಿದ ಪಾತ್ರೆಗಳನ್ನು ತೊಳೆದವರು ಯಾರು?’ ಎಂದಳು. ನಾನು ನೋಡಿದ ಯಾವ ಕಂತಿನಲ್ಲೂ ಅದನ್ನು ತೋರಿಸಿಲ್ಲ.