ಗೇಮ್ ಚಟವನ್ನು ಗಂಟೆ ಲೆಕ್ಕದಲ್ಲಿ ಅಳೆಯಬಹುದೆ?

ಪರ

ಕಾಸರಗೋಡಿನ ಬದಿಯಡ್ಕದಲ್ಲೋ ಉಪ್ಪಳದಲ್ಲೋ ಅಂಗಡಿ ಮುಚ್ಚಿ ರಾತ್ರಿ ಒಂಬತ್ತಕ್ಕೆ ಮನೆ ಸೇರುವ ಅಪ್ಪನಿಗೆ ಮಗನ ಮನಸ್ಸು ಓದಲು ಬಾರದು, ಫೋನಿನ ಲೆಕ್ಕವನ್ನಾದರೂ ಓದಬಹುದು. ಆಂಡ್ರಾಯ್ಡ್ ಸೆಟ್ಟಿಂಗ್ಸ್‌ನಲ್ಲಿ ಡಿಜಿಟಲ್ ವೆಲ್‌ಬೀಯಿಂಗ್ ತೆರೆದರೆ ಯಾವ ಆ್ಯಪ್ ಎಷ್ಟು ಹೊತ್ತು ಓಡಿದೆ ಎಂದು ಕಾಣುತ್ತದೆ. ಒಂದು ದಿನದ್ದು ನೋಡಿ ಗಾಬರಿ ಬೇಡ. ಭಾನುವಾರ ಏರಿ ಸೋಮವಾರ ಇಳಿದರೆ ಸರಿಯೇ. ಶಾಲೆಯಿರುವ ದಿನಗಳಲ್ಲೂ ವಾರದಿಂದ ವಾರಕ್ಕೆ ಏರುತ್ತಲೇ ಹೋಗಿ ನಿದ್ದೆಯ ಹೊತ್ತನ್ನೂ ತಿಂದರೆ ಅಲ್ಲಿಗೇ ತಡೆಯಬೇಕು.

ಗೇಮ್‌ಗಳನ್ನು ಕಟ್ಟಿರುವುದೇ ಹೊತ್ತು ನುಂಗಲು. ದಿನಾ ಲಾಗಿನ್ ಆದರೆ ಬಹುಮಾನ. ಸೀಸನ್ ಬದಲಾದರೆ ರ‍್ಯಾಂಕ್ ಕೆಳಗೆ, ಮತ್ತೆ ಏರಬೇಕು. ಇದರೆದುರು ಹದಿನಾಲ್ಕರ ಹುಡುಗನ ಸಂಯಮ ನಂಬಿ ಕೂರುವುದು ದೊಡ್ಡವರ ಸೋಮಾರಿತನ.

ವಿರೋಧ

ಗೇಮಿಂಗ್ ಚಟವನ್ನು ಕಾಯಿಲೆಯೆಂದು ಸೇರಿಸಿಕೊಂಡ ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿ ಐಸಿಡಿ-11 ಜಾರಿಗೆ ಬಂದದ್ದು 2022ರ ಜನವರಿಯಲ್ಲಿ. ಅದರಲ್ಲಿ ಗಂಟೆಯ ಮಿತಿಯೇ ಇಲ್ಲ. ಹತೋಟಿ ತಪ್ಪಿದೆಯೆ, ಬೇರೆಲ್ಲಕ್ಕಿಂತ ಆಟವೇ ಮುಂದಾಗಿದೆಯೆ, ಕೆಡುಕು ಕಂಡ ಮೇಲೂ ನಿಲ್ಲುತ್ತಿಲ್ಲವೆ ಎಂದಷ್ಟೇ ಕೇಳುತ್ತದೆ. ಅದೂ ಸಾಮಾನ್ಯವಾಗಿ 12 ತಿಂಗಳು, ಓದು, ಮನೆ, ಗೆಳೆತನ ಕೆಡುವಷ್ಟು ಮಟ್ಟಿಗೆ. ಬೇಸಿಗೆ ರಜೆಯಲ್ಲಿ ದಿನಕ್ಕೆ ಐದು ಗಂಟೆ ಆಡಿ ಜೂನ್‌ನಲ್ಲಿ ಶಾಲೆ ತೆರೆದಾಗ ತಾನಾಗಿ ಇಳಿಸಿಕೊಳ್ಳುವವನಿಗೆ ಇರುವುದು ಚಟವಲ್ಲ, ಬರೀ ಹುಚ್ಚು. ಮೇಳಗಳ ತಿರುಗಾಟ ಮುಗಿಯುವ ಪತ್ತನಾಜೆಯವರೆಗೂ ಯಕ್ಷಗಾನ ಮೇಳದ ಹಿಂದೆ ರಾತ್ರಿಯಿಡೀ ಅಲೆದವರನ್ನು ನಮ್ಮೂರಲ್ಲಿ ಯಾರೂ ವೈದ್ಯರಲ್ಲಿಗೆ ಒಯ್ಯಲಿಲ್ಲವಲ್ಲ! ಅತ್ತ ಅಮ್ಮನ ಯುಪಿಐ ಪಿನ್ ಕದ್ದು ನೋಡಿ ಗೇಮ್ ಒಳಗಿನ ನಾಣ್ಯವಾದ ಯುಸಿ ಕೊಳ್ಳುವ, ಕೇಳಿದರೆ ಸುಳ್ಳು ಹೇಳುವ ಹುಡುಗನ ಗಂಟೆ ಲೆಕ್ಕ ಚೊಕ್ಕವಾಗಿಯೇ ಇರಬಹುದು.

ಟೈಮರ್‌ನಿಂದ ಇನ್ನೊಂದು ತಾಪತ್ರಯ ಉಂಟು. ಬಿಜಿಎಂಐ ಎಂಬ ಗುಂಡಿನ ಕಾಳಗದ ಮೊಬೈಲ್ ಗೇಮ್ ಇದೆಯಲ್ಲ, ಅದರ ಎರಾಂಗೆಲ್ ಮ್ಯಾಪ್‌ನಲ್ಲಿ 100 ಮಂದಿ ಇಳಿಯುವ ಮ್ಯಾಚ್ ಕೊನೆಯವರೆಗೆ ಹೋದರೆ ಸುಮಾರು ಅರ್ಧ ಗಂಟೆ. ನಡುವೆ ನಿಲ್ಲಿಸಿಡಲು ಆಗುವುದಿಲ್ಲ. ಅಷ್ಟರಲ್ಲಿ ಟೈಮರ್ ಮುಗಿದು ಆ್ಯಪ್ ಮುಚ್ಚಿಕೊಂಡರೆ ತಂಡದ ಉಳಿದ ಮೂವರಿಂದ ಬೈಗುಳ. ಹುಡುಗ ರೇಗುತ್ತಾನೆ, ಮನೆಯವರು ಆ ಸಿಟ್ಟನ್ನೇ ಚಟವೆಂದುಕೊಳ್ಳುತ್ತಾರೆ. ‘ಒಂದು ಗಂಟೆ’ ಅನ್ನುವ ಬದಲು ‘ಎರಡು ಮ್ಯಾಚ್’ ಎನ್ನಿ, ಎರಡನೆಯದು ಊಟಕ್ಕೆ ನಲ್ವತ್ತು ನಿಮಿಷ ಮೊದಲೇ ಶುರುವಾಗಲಿ. ಒಪ್ಪಿದ ಮೇಲೂ ದಿನಾ ಮೂರನೆಯದಕ್ಕೆ ಇಳಿಯುತ್ತಿದ್ದರೆ ಮಾತು ಬೇರೆ. ಆಗ ಕಣ್ಣೂರಿನಲ್ಲಿ ಮಕ್ಕಳ ಡಿಜಿಟಲ್ ಚಟ ಬಿಡಿಸುವ ಕೇರಳ ಪೊಲೀಸರ ಡಿ-ಡ್ಯಾಡ್ ಕೇಂದ್ರ ಉಂಟು, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ತಂತ್ರಜ್ಞಾನದ ಅತಿಬಳಕೆಗೆ ಚಿಕಿತ್ಸೆ ಕೊಡುವ ಶಟ್ ಕ್ಲಿನಿಕ್ ಉಂಟು. ಹೋಗುವಾಗ ಗಂಟೆಯ ಪಟ್ಟಿಯೊಂದನ್ನೇ ಹಿಡಿಯಬೇಡಿ. ಮಲಗುವ ಹೊತ್ತು, ಇಳಿದ ಅಂಕ, ಬಿಟ್ಟ ಆಟೋಟ, ಖರ್ಚಾದ ದುಡ್ಡು, ಇವನ್ನೂ ಬರೆದುಕೊಂಡು ಹೋಗಿ.